ಉದ್ದದ ನಾಟಕವೂ ಇಬ್ಬಗೆಯ ನೋಟಕರೂ

ಈಚಿನ ಹದಿನೈದು ವರ್ಷಗಳಲ್ಲಿ ಕನ್ನಡ ನೋಟಕರನ್ನು ಎರಡು ಪಕ್ಷಗಳಾಗಿ ಒಡೆದ ನಾಟಕಗಳು ಯಾವುವೆಂದು ಯಾರಾದರೂ ಕೇಳಿದರೆ, ನಾನು ಎರಡನ್ನು ಹೆಸರಿಸುವೆನು. ಒಂದು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗಕ್ಕೆ ಅಳವಡಿಸಿದರು, ಸಿ. ಬಸವಲಿಂಗಯ್ಯನವರ ನಿರ್ದೇಶನ ಮತ್ತು ಹಂಸಲೇಖರ ಸಂಗೀತದೊಡನೆ ಮೈಸೂರಿನ ರಂಗಾಯಣವು 2010ರಲ್ಲಿ ಅದನ್ನು ಆಡಿತು. ಇನ್ನೊಂದು, ಎಸ್.ಎಲ್. ಭೈರಪ್ಪನವರ 'ಪರ್ವ'. 1979ರ ಈ ಕಾದಂಬರಿಯನ್ನು ಪ್ರಕಾಶ್ ಬೆಳವಾಡಿಯವರು ನಾಟಕವಾಗಿಸಿ ನಿರ್ದೇಶಿಸಿದರು. ಅದೇ ರಂಗಾಯಣವು 2021ರಲ್ಲಿ ಅದನ್ನು ಪ್ರದರ್ಶನಕ್ಕೆ ತಂದಿತು. ಮೊದಲನೆಯದು ರಾತ್ರಿ ಊಟದ ಹೊತ್ತಿಗೆ ಮೊದಲಾಗಿ ಕೋಳಿ ಕೂಗುವವರೆಗೆ ಸುಮಾರು ಒಂಬತ್ತು ಗಂಟೆಗಳ ಆಟ. ಎರಡನೆಯದು ಹಗಲಿನದು, ವಿರಾಮಗಳೂ ಸೇರಿ ಎಂಟು ಗಂಟೆಗಳಷ್ಟು.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಮ್ಮನ್ನಗಲಿದ ಬಳಿಕ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಚರ್ಚೆ ಮತ್ತೊಮ್ಮೆ ಹೊತ್ತಿಕೊಂಡಿತು. 'ಅಷ್ಟು ಹೊತ್ತಿನ ನಾಟಕವನ್ನು ಯಾರು ನೋಡಿಯಾರು' ಎಂದರು ಒಬ್ಬರು. 'ನೋಡಿದರಲ್ಲ' ಎಂದರು ಇನ್ನೊಬ್ಬರು. 'ನೋಡಿದವರೆಲ್ಲ ಕೊನೆಯವರೆಗೆ ಕುಳಿತಿದ್ದರೆ?' ಎಂದರು ಮೂರನೆಯವರು. ಗಂಟೆ ಬಾರಿಸಿತು, ತರಗತಿಗಳಿಗೆ ಹೊರಟೆವು. ವಾದ ಮಾತ್ರ ನನ್ನ ಜೊತೆಯಲ್ಲಿಯೇ ಬಂದಿತು. ಏಕೆಂದರೆ ಎರಡು ನಾಟಕಗಳನ್ನೂ ನಾನು ಕೊನೆಯವರೆಗೆ ನೋಡಿದ್ದೇನೆ. ಅಕ್ಕಪಕ್ಕದವರ ಮುಖಗಳನ್ನೂ ನೋಡಿದ್ದೇನೆ. ಅವರು ಆಡಿದ ಮಾತುಗಳನ್ನು ಒಂದೆಡೆ ಕೂಡಿಸಿ ನೋಡಿದಾಗ, ಜಗಳವಿರುವುದು ಗಂಟೆಗಳ ವಿಚಾರದಲ್ಲಿ ಅಲ್ಲವೆಂದು ನನಗೆ ತೋರುತ್ತದೆ. ಉದ್ದ ಎಂಬುದು ಗಡಿಯಾರಕ್ಕೆ ಸಂಬಂಧಿಸಿದುದಲ್ಲ, ನೋಟಕನಿಗೂ ರಂಗಕ್ಕೂ ನಡುವೆ ಆಗಿರುವ ಕರಾರಿಗೆ ಸಂಬಂಧಿಸಿದುದು. ಇದನ್ನು ವಿವರಿಸಲು ನಾನು ಮೈಸೂರು ಬೆಂಗಳೂರುಗಳನ್ನು ಬಿಟ್ಟು ನನ್ನ ಊರಿನ ಕಡೆಗೆ ಸ್ವಲ್ಪ ಬರಬೇಕಾಗುತ್ತದೆ.

ನನ್ನೂರು ಶಿರಾ ತಾಲ್ಲೂಕಿನ ಗೌಡಗೆರೆ. ಹೋಬಳಿಯ ಊರು, ಕಡಲೆಕಾಯಿ, ರಾಗಿಯ ಸೀಮೆ. ನಮ್ಮಲ್ಲಿಯೂ, ಸುತ್ತಿನ ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿಯೂ ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದವೆಂದರೆ ಪೌರಾಣಿಕ ನಾಟಕಗಳ ಕಾಲ ಬಂದಂತೆ. 'ಕುರುಕ್ಷೇತ್ರ'ವೇ ಎಲ್ಲಕ್ಕೂ ದೊಡ್ಡದು. ಈ ಹುಚ್ಚಿಗೆ ಹಿನ್ನೆಲೆಯೂ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ವೀರಣ್ಣನವರು 'ಕುರುಕ್ಷೇತ್ರ'ದ ರಂಗಕ್ಕೆ ಜೀವಂತ ಆನೆ ಕುದುರೆಗಳನ್ನು ತಂದ ಸಂಗತಿಯನ್ನು ನಮ್ಮ ಹಿರಿಯರು ತಾವೇ ನೋಡಿದಂತೆ ವರ್ಣಿಸುತ್ತಿದ್ದರು. ಆನೆ ಹೋಯಿತು, ಕಂಪನಿಯ ವೈಭವ ಹೋಯಿತು. ನಾಟಕ ಹಳ್ಳಿಯಲ್ಲಿ ಉಳಿಯಿತು.

ಅದು ಉಳಿದ ಬಗೆಯನ್ನು ತಿಳಿಯದವರಿಗೆ ಹೇಳಬೇಕು. ಇಲ್ಲಿ ನಟನಿಗೆ ಸಂಬಳವಿಲ್ಲ; ನಟನೇ ಹಣ ತೆರುತ್ತಾನೆ. ಯಾವ ಪಾರ್ಟು ಬೇಕೋ ಅದಕ್ಕೆ ತಕ್ಕ ದುಡ್ಡು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು; ದೂತನಿಗೆ ಕಡಿಮೆ. ದುರ್ಯೋಧನನಾಗಬೇಕೆನ್ನುವವರು ಇಬ್ಬರಿದ್ದರೆ ಪಾತ್ರವನ್ನೇ ಎರಡು ಭಾಗ ಮಾಡುತ್ತಾರೆ. ಮಧ್ಯರಾತ್ರಿಯ ತನಕ ಒಬ್ಬ ದುರ್ಯೋಧನ, ಅಲ್ಲಿಂದಾಚೆಗೆ ಇನ್ನೊಬ್ಬ. ಹಾರ್ಮೋನಿಯಮ್ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಹಾಡು ಮಾತು ಕಲಿಸುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಸೀನು, ದೀಪ, ಕಿರೀಟ, ಗದೆ ಎಲ್ಲವೂ ಬಾಡಿಗೆಗೆ ಬರುತ್ತವೆ. ಇಷ್ಟಾಗಿ ಆಟ ಮೊದಲಾದ ಮೇಲೆ ಅರ್ಜುನನ ಮಾವನ ಮನೆಯವರು ಹಾರ ತರುತ್ತಾರೆ, ಯುದ್ಧ ನಿಲ್ಲುತ್ತದೆ, ಮೈಕಿನಲ್ಲಿ ಅವರ ಹೆಸರನ್ನು ಕೂಗುತ್ತಾರೆ. ಒಂದು ಹಾಡು ಚೆನ್ನಾಗಿ ಬಂದರೆ 'ಒನ್ಸ್ ಮೋರ್'. ಸತ್ತವನು ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುವುದುಂಟು. ಹೀಗೆ ರಾತ್ರಿ ಒಂಬತ್ತಕ್ಕೆ ಎದ್ದ ನಾಟಕವು ಗದಾಯುದ್ಧಕ್ಕೆ ಬರುವ ವೇಳೆಗೆ ಮೂಡಣ ಕೆಂಪಾಗಿರುತ್ತದೆ.

'ನಾಟಕ ಚೆನ್ನಾಗಿರಲಿಲ್ಲ', 'ಭೀಮನಿಗೆ ಗಂಟಲಿಲ್ಲ', 'ಕೃಷ್ಣ ಮಾತು ಮರೆತ', ಇಂತಹ ದೂರುಗಳನ್ನು ನಮ್ಮೂರಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. 'ನಾಟಕ ಉದ್ದವಾಯಿತು' ಎಂಬ ದೂರನ್ನು ಮಾತ್ರ ಕೇಳಿದ ನೆನಪಿಲ್ಲ.

ನಮ್ಮ ಜನಕ್ಕೆ ತಾಳ್ಮೆ ಹೆಚ್ಚು ಎಂದು ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಬ್ಯಾಂಕಿನ ಸರದಿಯಲ್ಲಿ ಕಾಲು ಗಂಟೆ ನಿಂತರೆ ಸಿಡುಕುವ ಜನವೇ ಇವರು. ವಿಷಯ ಬೇರೆಯಿದೆ. ಹಳ್ಳಿಯ ನೋಟಕನು ಚಾಪೆ ಕಂಬಳಿಗಳೊಡನೆ ಬರುತ್ತಾನೆ. ಮಲಗುತ್ತಾನೆ, ಏಳುತ್ತಾನೆ, ಎದ್ದು ಹೋಗಿ ಬೋಂಡ ತಿಂದು ಬರುತ್ತಾನೆ, ದನಕ್ಕೆ ಹುಲ್ಲು ಹಾಕಿ ಬರುತ್ತಾನೆ. ಮಕ್ಕಳು ಮಲಗುವ ಮುನ್ನ, ಗದಾಯುದ್ಧಕ್ಕೆ ಎಬ್ಬಿಸಬೇಕೆಂದು ತಾಯಿಯಿಂದ ಮಾತು ತೆಗೆದುಕೊಳ್ಳುತ್ತಾರೆ. ಕತೆ ಎಲ್ಲರಿಗೂ ಗೊತ್ತಿರುವುದರಿಂದ ಒಂದು ಗಂಟೆ ತಪ್ಪಿದರೂ ಏನೂ ತಪ್ಪಿದಂತಾಗುವುದಿಲ್ಲ. ಇದರೊಡನೆ ಇನ್ನೊಂದು ಸಣ್ಣ ಕಾರಣವನ್ನೂ ಸೇರಿಸಬೇಕು. ನಮ್ಮ ವಿಮರ್ಶೆಯಲ್ಲಿ ಅದು ಎಂದೂ ಕಾಣಿಸಿಕೊಂಡಿಲ್ಲ. ರಾತ್ರಿ ಹತ್ತಕ್ಕೆ ಮುಗಿಯುವ ನಾಟಕವು ಪಕ್ಕದ ಹಳ್ಳಿಯವನನ್ನು ಕತ್ತಲೆಗೆ ನೂಕುತ್ತದೆ. ಕೊನೆಯ ಬಸ್ಸು ಹೋಗಿರುತ್ತದೆ. ಬೆಳಗಾಗುವ ತನಕ ನಡೆಯುವ ನಾಟಕವು ಅವನನ್ನು ಮೊದಲ ಬಸ್ಸಿಗೆ ಹತ್ತಿಸುತ್ತದೆ.

ಈ ಕರಾರನ್ನು ಮನಸ್ಸಿನಲ್ಲಿಟ್ಟುಕೊಂಡು 'ಮದುಮಗಳು' ನಾಟಕಕ್ಕೆ ಬರೋಣ. 2013ರಿಂದ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದ ಬಯಲಿನಲ್ಲಿ ಅದರ ಪ್ರದರ್ಶನಗಳಾದವು. ಒಂದೇ ರಂಗವಲ್ಲ, ಬೇರೆ ಬೇರೆ ಕಡೆಗಳಲ್ಲಿ ಕಟ್ಟಿದ ಹಲವು ರಂಗಗಳು. ಒಂದು ಭಾಗ ಮುಗಿದರೆ ನೋಟಕರು ಎದ್ದು ಮುಂದಿನ ರಂಗಕ್ಕೆ ನಡೆಯಬೇಕು. ಕಾಶಿಯ ಬಳಿಯ ರಾಮನಗರದಲ್ಲಿ ಒಂದು ತಿಂಗಳ ಕಾಲ ರಾಮಲೀಲೆ ನಡೆಯುವಾಗ ಜನ ಅಯೋಧ್ಯೆಯಿಂದ ಲಂಕೆಗೆ ಪಾತ್ರಗಳ ಹಿಂದೆಯೇ ನಡೆದುಹೋಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ನಗರದ ಕನ್ನಡ ನೋಟಕನಿಗೆ ಹೊಸದು. ಶಿರಾದಿಂದ ಸುಮಾರು 120 ಕಿಲೋಮೀಟರು ಬಸ್ಸಿನಲ್ಲಿ ನಾನು ಕರೆದೊಯ್ದ ವಿದ್ಯಾರ್ಥಿಗಳಿಗೆ ಮಾತ್ರ ಏನೂ ವಿಶೇಷವೆನಿಸಲಿಲ್ಲ. ಅವರು ಕಂಬಳಿ ತಂದಿದ್ದರು. ಬೆಂಗಳೂರಿನ ಅನೇಕರು ತಂದಿರಲಿಲ್ಲ.

ನಡುರಾತ್ರಿಯ ವಿರಾಮದಲ್ಲಿ ಚಹದ ಅಂಗಡಿಯ ಮುಂದೆ ಕೇಳಿದ ಮಾತುಗಳು ಸ್ವಾರಸ್ಯವಾಗಿದ್ದವು. ಕಾದಂಬರಿಯನ್ನು ಓದಿದ್ದವರ ದೂರು, ನಾಟಕ ತೀರ ಚಿಕ್ಕದಾಯಿತೆಂಬುದು! ಕಾಡಿನ ವರ್ಣನೆಯೆಲ್ಲಿ, ಆ ಮನೆಗಳ ಒಳಗಿನ ಮಂದಗತಿಯ ದಿನಗಳೆಲ್ಲಿ, ಗುತ್ತಿಯ ಮನಸ್ಸು ಹುಲಿಯನೆಂಬ ನಾಯಿಯೊಡನೆ ಬೆಸೆದುಕೊಂಡ ಪರಿಯೆಲ್ಲಿ, ಎಲ್ಲವೂ ಹಾಡಿನಲ್ಲಿ ತೇಲಿಹೋಯಿತಲ್ಲ ಎಂದು ಅವರ ಕೊರಗು. ಓದದೆ ಬಂದವರಲ್ಲಿ ಕೆಲವರ ದೂರು, ಯಾರು ಯಾರ ನಂಟರೆಂದು ತಿಳಿಯುವುದರೊಳಗೆ ಅರ್ಧ ರಾತ್ರಿ ಕಳೆಯಿತೆಂಬುದು. ಅದೇ ಓದದವರಲ್ಲಿ ಹಲವರು ತಿಮ್ಮಿ, ಪೀಂಚಲು, ಚಿನ್ನಮ್ಮರ ಹಿಂದೆ ಮಂತ್ರ ಹಾಕಿದವರಂತೆ ಒಂದು ರಂಗದಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಹೀಗೆ ಒಂದೇ ನಾಟಕವು ಒಂದೇ ರಾತ್ರಿ ಒಬ್ಬರಿಗೆ ಉದ್ದವೂ ಇನ್ನೊಬ್ಬರಿಗೆ ಮೊಟಕೂ ಆಗಿದ್ದಿತು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುವೆನು. ಆ ಕಾದಂಬರಿಯ ಜೀವ ಇರುವುದು ಸ್ಥಳದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು. ಮನೆಯಿಂದ ಮನೆಗೆ, ಗುಡ್ಡದಿಂದ ಗುಡ್ಡಕ್ಕೆ ಜನ ನಡೆಯುತ್ತಲೇ ಇರುತ್ತಾರೆ. ಓಡಿಹೋಗುವವರು, ಅಡಗುವವರು, ಹುಡುಕುವವರು ಅಲ್ಲಿ ತುಂಬಿದ್ದಾರೆ. ಇಂತಹ ಕೃತಿಯನ್ನು ಒಂದು ಚೌಕಟ್ಟಿನ ರಂಗದ ಮೇಲೆ ನಿಲ್ಲಿಸಿದ್ದರೆ ಅದು ಉಸಿರು ಕಟ್ಟಿ ಸತ್ತಿರುತ್ತಿತ್ತು. ನೋಟಕರನ್ನೇ ನಡೆಸಿದುದು ನಿರ್ದೇಶಕರ ನಿಜವಾದ ಗೆಲವು. ಅದು ಚಮತ್ಕಾರವಲ್ಲ, ಅರ್ಥ. ಕತೆಯನ್ನು ಅಲೆಮಾರಿ ಜೋಗಿಗಳ ಬಾಯಲ್ಲಿ ಹೇಳಿಸಿದುದೂ ಇದೇ ದಾರಿಯದು. ಆದರೆ ಹಾಡು ಅತಿಯಾಯಿತೆಂಬ ದೂರಿನಲ್ಲಿ ಹುರುಳಿದೆ. ಜೀತದ, ಜಾತಿಯ ಕ್ರೌರ್ಯ ಕಾದಂಬರಿಯಲ್ಲಿ ತಣ್ಣಗೆ, ಏನೂ ಆಗಿಲ್ಲವೆಂಬಂತೆ ಬರುತ್ತದೆ, ಆದುದರಿಂದಲೇ ಇರಿಯುತ್ತದೆ. ಇಂಪಾದ ರಾಗ ಅದರ ಮೇಲೆ ಹರಿದಾಗ ಇರಿತ ಮೊಂಡಾಗುತ್ತದೆ. ಮರುದಿನ ನನ್ನ ವಿದ್ಯಾರ್ಥಿಗಳು ಬಸ್ಸಿನಲ್ಲಿ ಹಾಡುಗಳನ್ನು ಗುನುಗುತ್ತಿದ್ದರು. ಪಾವಗಡದ ಕಡೆಯ ಹುಡುಗಿಯೊಬ್ಬಳು ಮಾತ್ರ ಸುಮ್ಮನೆ ಕುಳಿತಿದ್ದಳು. ವಾರದ ಮೇಲೆ ಗ್ರಂಥಾಲಯದಿಂದ ಕಾದಂಬರಿಯನ್ನು ತೆಗೆದುಕೊಂಡಳು. ಎರಡು ತಿಂಗಳು ಹಿಂದಿರುಗಿಸಲಿಲ್ಲ. ದಂಡ ಕಟ್ಟಬೇಕಾಯಿತು.

'ಪರ್ವ'ದ ಕಷ್ಟವೇ ಬೇರೆ. ಆ ಕಾದಂಬರಿಯ ಜೀವ ಸ್ಥಳದಲ್ಲಿಲ್ಲ, ನೆನಪಿನಲ್ಲಿದೆ. ಯುದ್ಧದ ಅಂಚಿನಲ್ಲಿ ಕುಳಿತ ಕುಂತಿ, ದ್ರೌಪದಿ, ಭೀಮ, ಕರ್ಣರು ತಮ್ಮ ಬದುಕನ್ನು ಹಿಂದಕ್ಕೆ ತಿರುಗಿಸಿ ನೋಡಿಕೊಳ್ಳುತ್ತಾರೆ. ದೇವರಿಲ್ಲ, ಪವಾಡವಿಲ್ಲ, ವಿಶ್ವರೂಪವಿಲ್ಲ. ಹಸಿವು, ಹೆತ್ತ ಹೊಟ್ಟೆ, ಮುಪ್ಪು, ಕೊನೆಗೆ ಸೈನಿಕರಿಂದ ಬಸಿರಾದ ಹೆಂಗಸರ ಆರ್ತನಾದ. ಒಳಮಾತನ್ನು ಹೊರಮಾತನ್ನಾಗಿ ಮಾಡುವುದಲ್ಲದೆ ರಂಗಕ್ಕೆ ಬೇರೆ ಉಪಾಯವಿಲ್ಲ. ಆದುದರಿಂದ 'ಪರ್ವ' ಮಾತಿನ ನಾಟಕವಾಯಿತು. ಕುರ್ಚಿಯಲ್ಲಿ ಕುಳಿತು ಎಂಟು ಗಂಟೆಗಳ ಮಾತನ್ನು ಕೇಳುವುದು ಸುಲಭದ ಕೆಲಸವಲ್ಲ. 2021ರಲ್ಲಿ ಕೊರೋನಾದ ಎರಡನೆಯ ಅಲೆ ಅಡ್ಡ ಬಂದರೂ ನಾಟಕ ಮುಂದೆ ನಾಡಿನ ಹಲವು ಊರುಗಳನ್ನು ಸುತ್ತಿತು. ಹೋದ ಕಡೆಗಳಲ್ಲೆಲ್ಲ ಮೈಮರೆತು ನೋಡಿದವರೂ ಇದ್ದರು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೆಲ್ಲಗೆ ಮನೆಯ ದಾರಿ ಹಿಡಿದವರೂ ಇದ್ದರು.

ಈ ನಾಟಕಕ್ಕೆ ನಾನು ನಮ್ಮೂರಿನ ಹಿರಿಯ ರೈತರೊಬ್ಬರನ್ನು ಮೈಸೂರಿಗೆ ಕರೆದೊಯ್ದಿದ್ದೆ. ಇಪ್ಪತ್ತು ವರ್ಷ 'ಕುರುಕ್ಷೇತ್ರ'ದಲ್ಲಿ ದುರ್ಯೋಧನನಾಗಿ ಗುಡುಗಿದವರು ಅವರು, ಹೆಸರು ಬೇಡವೆಂದಿದ್ದಾರೆ. ಮೊದಲ ವಿರಾಮದಲ್ಲಿ ಅವರೆಂದರು: 'ಏನ್ ಮೇಷ್ಟ್ರೇ, ಕೃಷ್ಣ ದೇವ್ರೇ ಅಲ್ಲ, ದುರ್ಯೋಧನ ಒಂದು ಕಂದಾನೂ ಹಾಡಲ್ಲ. ಆದ್ರೂ ಆ ಕುಂತಿ ಮಾತಾಡಿದ್ರೆ ನಮ್ಮವ್ವ ಎದ್ದು ಬಂದಂಗೈತೆ.' ಇದಕ್ಕಿಂತ ಸಹೃದಯವಾದ ವಿಮರ್ಶೆಯನ್ನು ನಾನು ಪತ್ರಿಕೆಗಳಲ್ಲಿ ಓದಲಿಲ್ಲ. ಆದರೆ ಊಟವಾದ ಮೇಲೆ ಅವರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಅಪರಾಧ ಮಾಡಿದವರಂತೆ ಸುತ್ತ ನೋಡಿದರು. ಸಂಜೆ ಹೊರಗೆ ಬಂದ ಮೇಲೆ ಹೇಳಿದರು: 'ನಮ್ಮೂರ್ನಾಗೆ ಮಲಗಿ ಎದ್ರೂ ನಾಟಕ ಅಲ್ಲೇ ಕಾಯ್ತಿರ್ತೈತೆ. ಇಲ್ಲಿ ಕಣ್ಣು ಮುಚ್ಚಿದ್ರೆ ಬಿಟ್ಟು ಹೋಗ್ತೈತೆ.'

ಕರಾರು ಎಂದು ನಾನು ಕರೆದುದು ಇದನ್ನೇ. ಹಳ್ಳಿಯ ನಾಟಕ ಹೊತ್ತನ್ನು ಕೇಳುತ್ತದೆ, ಗಮನವನ್ನು ಕೇಳುವುದಿಲ್ಲ; ಅಥವಾ ಕೇಳಿದರೂ ಸಾಲದ ಹಾಗೆ ಕೇಳುತ್ತದೆ, ಬಂದಾಗ ಕೊಟ್ಟರಾಯಿತು. ಆಧುನಿಕ ನಾಟಕ ಗಮನವನ್ನು ಕೇಳುತ್ತದೆ. ಎರಡು ಗಂಟೆ ಕೇಳಿದರೆ ನ್ಯಾಯ. ಹಳ್ಳಿಯ ಹೊತ್ತನ್ನೂ ನಗರದ ಗಮನವನ್ನೂ ಒಟ್ಟಿಗೆ ಕೇಳಿದ್ದೇ ಈ ಎರಡು ನಾಟಕಗಳ ಸಾಹಸ. 'ಮದುಮಗಳು' ಬಯಲಿಗೆ ಬಂದು, ನೋಟಕನನ್ನು ಎಬ್ಬಿಸಿ ನಡೆಸಿ, ಹಾಡಿ ಆ ಭಾರವನ್ನು ಹಗುರ ಮಾಡಿಕೊಂಡಿತು. 'ಪರ್ವ' ಹಗುರ ಮಾಡಿಕೊಳ್ಳಲಿಲ್ಲ. ಮಾತಿನ ಮೇಲೆ ಅದಕ್ಕಿದ್ದ ಗೌರವ ನನಗೆ ಮೆಚ್ಚುಗೆಯಾಯಿತು; ಆದರೆ ಮಾತಿನ ನಡುವೆ ಮೌನಕ್ಕೂ ಜಾಗ ಕೊಟ್ಟಿದ್ದರೆ ಗಡಿಯಾರದ ನೆನಪು ಅಷ್ಟಾಗಿ ಬರುತ್ತಿರಲಿಲ್ಲ.

ಹೊರನಾಡುಗಳಲ್ಲಿಯೂ ಈ ಪ್ರಶ್ನೆ ಎದ್ದಿದೆ. 1985ರಲ್ಲಿ ಫ್ರಾನ್ಸಿನ ಆವಿನ್ಯೋಂ ಬಳಿಯ ಒಂದು ಕಲ್ಲುಗಣಿಯಲ್ಲಿ ಪೀಟರ್ ಬ್ರೂಕ್ ಒಂಬತ್ತು ಗಂಟೆಗಳ 'ಮಹಾಭಾರತ'ವನ್ನು ಆಡಿಸಿದರು. ಯೂರೋಪಿನವರು ಬೆರಗಾದರು. ನಮ್ಮ ಕಡೆಯ ವಿಮರ್ಶಕರಲ್ಲಿ ರುಸ್ತುಂ ಭರೂಚಾ ಮೊದಲಾದವರು, ಕತೆಯನ್ನು ಅದರ ನೆಲದಿಂದ ಕಿತ್ತೊಯ್ದರೆಂದು ಕಟುವಾಗಿ ಆಕ್ಷೇಪಿಸಿದರು. ಆ ವಾದದಲ್ಲಿಯೂ ಒಂಬತ್ತು ಗಂಟೆ ಮುಖ್ಯವಾಗಲಿಲ್ಲ. ಯಾರ ಕತೆ, ಯಾರು ಹೇಳುವುದು, ಯಾರಿಗೆ ಎಂಬುದು ಮುಖ್ಯವಾಯಿತು.

ನಮ್ಮಲ್ಲಿಯೂ ಹಾಗೆಯೇ ಆದುದನ್ನು ಮುಚ್ಚಿಡುವುದೇಕೆ? ಕುವೆಂಪು ಎಂದರೆ ಒಂದು ಪಕ್ಷ, ಭೈರಪ್ಪ ಎಂದರೆ ಇನ್ನೊಂದು ಪಕ್ಷ ಎಂಬ ರೂಢಿ ನಮ್ಮ ಸಾಹಿತ್ಯದಲ್ಲಿ ಬೇರೂರಿದೆ. 'ಪರ್ವ' ಬಂದ ಕಾಲದಲ್ಲಿ ರಂಗಾಯಣದ ಸುತ್ತ ರಾಜಕೀಯದ ವಾದಗಳೂ ಬಿಸಿಯಾಗಿದ್ದವು. ಆದುದರಿಂದ ಅನೇಕರು ಬೇಸರಪಡಬೇಕೋ ಆನಂದಪಡಬೇಕೋ ಎಂಬುದನ್ನು ಟಿಕೇಟು ಕೊಳ್ಳುವ ಮೊದಲೇ ತೀರ್ಮಾನಿಸಿಕೊಂಡಿದ್ದರು. 'ಮದುಮಗಳ' ಒಂಬತ್ತು ಗಂಟೆಗಳನ್ನು ಮಹಾಕಾವ್ಯದ ವಿಸ್ತಾರವೆಂದು ಕೊಂಡಾಡಿದ ಮಿತ್ರರೊಬ್ಬರು 'ಪರ್ವ'ದ ಎಂಟು ಗಂಟೆಗಳನ್ನು ಹಿಂಸೆಯೆಂದರು. ಇದರ ತಿರುವುಮುರುವನ್ನೂ ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಇಬ್ಬರೂ ಕನ್ನಡದ ಅಧ್ಯಾಪಕರು. ತರಗತಿಯಲ್ಲಿ ಇಬ್ಬರೂ ಕೃತಿನಿಷ್ಠ ವಿಮರ್ಶೆಯನ್ನು ಚೆನ್ನಾಗಿ ಬೋಧಿಸುತ್ತಾರೆ.

ಇದಕ್ಕೆ ಎದುರಾಗಿ ಕರಾವಳಿಯ ಒಂದು ಸಂಗತಿಯನ್ನು ಇಡಬೇಕೆನಿಸುತ್ತದೆ. ಧ್ವನಿವರ್ಧಕಗಳನ್ನು ರಾತ್ರಿ ಹತ್ತರ ಮೇಲೆ ಬಳಸಕೂಡದೆಂಬ ನಿಯಮ 2000ದಿಂದ ಇದ್ದರೂ ಬಯಲಾಟಗಳಿಗೆ ಅದು ಬಹುಕಾಲ ಅಷ್ಟಾಗಿ ತಟ್ಟಿರಲಿಲ್ಲ. 2022ರಲ್ಲಿ ಕಟೀಲು ಮೇಳದ ಯಕ್ಷಗಾನವನ್ನು ಇಡೀ ರಾತ್ರಿಯಿಂದ ಕಾಲಮಿತಿಗೆ ಇಳಿಸುವ ನಿರ್ಧಾರವಾದಾಗ ಭಕ್ತರು ವಿರೋಧಿಸಿ ಕಾಲ್ನಡಿಗೆಯ ಮೆರವಣಿಗೆ ಹೊರಟರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಬೆಳಗ್ಗೆ ಕಚೇರಿಗೆ ಹೋಗಬೇಕಾದ ಎಷ್ಟೋ ಮಂದಿ ಕಾಲಮಿತಿಯನ್ನು ಒಳಗೊಳಗೇ ಸ್ವಾಗತಿಸಿದರೆಂಬುದೂ ಸುಳ್ಳಲ್ಲ. ಆದರೂ ನಾಟಕ ಚಿಕ್ಕದಾಯಿತೆಂದು ಬೀದಿಗಿಳಿದ ನೋಟಕರು ಈ ಕಾಲದಲ್ಲಿಯೂ ಇದ್ದಾರೆ ಎಂಬುದನ್ನು, 'ಇಂದಿನವರಿಗೆ ಎರಡು ನಿಮಿಷದ ತಾಳ್ಮೆಯೂ ಇಲ್ಲ' ಎಂದು ದಿನಕ್ಕೆರಡು ಬಾರಿ ಮರುಗುವ ನಮ್ಮಂಥವರು ಗಮನಿಸಬೇಕು. ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಫೋನು ಇದೆ, ನಿಜ. ಆ ರಾತ್ರಿ ಕಲಾಗ್ರಾಮದಲ್ಲಿ ಅದನ್ನು ಹೆಚ್ಚಾಗಿ ಹೊರತೆಗೆದವರು ಅವರಲ್ಲ, ನನ್ನ ವಯಸ್ಸಿನವರು.

ನನ್ನ ಚಿಂತೆ ಇರುವುದು ಬೇರೆ ಕಡೆ. ಇಂತಹ ನಾಟಕಗಳಿಗೆ ಸರ್ಕಾರದ ಹಣವಿಲ್ಲದೆ ಹತ್ತಾರು ನಟರನ್ನು ತಿಂಗಳುಗಟ್ಟಲೆ ಸಾಕಲಾಗದು. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ರಂಗಾಯಣದಂತಹ ಸಂಸ್ಥೆಯೇ ಬೇಕು. 'ಜನ ಕುಳಿತುಕೊಳ್ಳುವುದಿಲ್ಲ' ಎಂಬ ಒಂದು ಮಾತು ಕಡತದೊಳಗೆ ಸೇರಿಕೊಂಡರೆ ಮುಂದಿನ ದೊಡ್ಡ ನಾಟಕ ಅಲ್ಲಿಯೇ ನಿಲ್ಲುತ್ತದೆ. ಆಗ ನಷ್ಟವಾಗುವುದು ಕಾದಂಬರಿಯನ್ನು ಓದಬಲ್ಲ ನನಗಲ್ಲ. ಏಳುನೂರು ಪುಟಗಳ ಪುಸ್ತಕವನ್ನು ಎತ್ತಿಕೊಳ್ಳುವ ಧೈರ್ಯ ಬರುವ ಮೊದಲು ಅದರ ಜನರನ್ನು ಒಮ್ಮೆ ಕಣ್ಣಾರೆ ಕಾಣಬೇಕಾದ ಹುಡುಗಿಗೆ. ಓದು ಬಾರದೆಯೂ ಕುಂತಿಯಲ್ಲಿ ತಾಯಿಯನ್ನು ಗುರುತಿಸಬಲ್ಲ ದುರ್ಯೋಧನನಿಗೆ. ಕುಳಿತುಕೊಳ್ಳದ ಜನ ಯಾರು, ಎಲ್ಲಿ, ಎಂತಹ ಆಸನದಲ್ಲಿ, ಯಾವ ಬಸ್ಸನ್ನು ನೆನೆದು ಎದ್ದು ಹೋದರು ಎಂಬುದನ್ನು ವಿಚಾರಿಸಿ ಆಮೇಲೆ ಕಡತ ಬರೆಯಲಿ.

ಈ ನಾಟಕಗಳು ತಾಲ್ಲೂಕುಗಳ ಬಯಲಿಗೆ ಬರಲಿ ಎಂಬುದು ನನ್ನ ಬಹುದಿನದ ಆಸೆ. 'ಪರ್ವ'ವನ್ನಾದರೂ ಒಂದೇ ಹಗಲಿಗೆ ಕಟ್ಟಿಹಾಕದೆ ಎರಡು ರಾತ್ರಿಗಳಿಗೆ ಹಂಚಿ, ಚಾಪೆಯ ಮೇಲೆ ಕುಳಿತ ಜನರ ಮುಂದೆ ಆಡಿ ನೋಡಬಹುದು. ಇದನ್ನು ನಮ್ಮೂರಿನ ಆ ಹಿರಿಯರ ಮುಂದೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ತಮ್ಮ ಹೊಲದ ಪಕ್ಕದ ಬಯಲನ್ನು ಬಿಟ್ಟುಕೊಡಲು ಒಪ್ಪಿದರು. ಒಂದು ಷರತ್ತನ್ನು ಮಾತ್ರ ಹಾಕಿದರು: 'ಕಡ್ಲೆಕಾಯಿ ಕಿತ್ತಾದ್ ಮ್ಯಾಲೆ ಬರ್ಲಿ ಮೇಷ್ಟ್ರೇ. ಅದ್ಕೂ ಮುಂಚೆ ಯಾರ್ಗೂ ಪುರುಸೊತ್ತಿಲ್ಲ.'